ಹಿಮದಲ್ಲಿಟ್ಟ ಕಡ್ಡಿ

ಮೂರು ಕಾಲಿನ ಏಣಿ ನನ್ನದು,
ಹಿರೊಸಾಕಿಯ ಸೇಬುತೋಟದವರೆಲ್ಲರದೂ ಅದೇ.
ನಲವತ್ತೊಂದು ಚಳಿಗಾಲ ಬೀಳಿಸಿರಲಿಲ್ಲ.
ಫೆಬ್ರವರಿಯ ಆ ಬೆಳಗ್ಗೆ
ಹಿಂದಿನ ದಿನ ಕರಗಿದ ಹಿಮ ರಾತ್ರಿ ಗಾಜಾಗಿತ್ತು.
ಮೂರನೇ ಕಾಲು ಜಾರಿತು.
ಬಿದ್ದಾಗ ನೋವಾಗಲಿಲ್ಲ,
ಅದೇ ಕೆಟ್ಟ ಸುದ್ದಿ.
ಗರಗಸ ಇನ್ನೂ ಕೈಯಲ್ಲೇ ಇತ್ತು.
ಎರಡು ಬೂಟು, ನನ್ನವೇ,
ಯಾರೋ ಮರೆತುಹೋದ ಹಾಗೆ ಅತ್ತ ಬಿದ್ದಿದ್ದವು.
ಒಳಗೆ ಕಾಲಿತ್ತು.

ಡಾಕ್ಟರ್ ಅರಾಗಾಕಿ ಇನ್ನೂ ಹುಡುಗ.
ದಕ್ಷಿಣದ ದ್ವೀಪದವನು, ಹಿಮ ಬಿದ್ದರೆ ಫೋಟೋ ತೆಗೆಯುತ್ತಾನೆ.
ಊಟದ ತಟ್ಟೆಯ ಕಾಗದದ ಮೇಲೆ ಗೆರೆ ಎಳೆದ:
ಇದು ಮಿದುಳುಬಳ್ಳಿ.
ಇಲ್ಲಿ, ಹೊಕ್ಕುಳಿಗೆ ನೇರ, ಜಜ್ಜಿದೆ.
ಇವು ಕಾಂಡಕೋಶ, ಲಕ್ಷಗಟ್ಟಲೆ.
ಇಲ್ಲಿ ಕಸಿ.

ಬಳ್ಳಿ, ಕಾಂಡ, ಕಸಿ.
ಮಗು, ಇದನ್ನೆಲ್ಲ ನನಗೆ ಹೇಳಿಕೊಡಲು
ಟೋಕಿಯೊದಲ್ಲಿ ಅಷ್ಟು ವರ್ಷ ಓದಿದೆಯಾ?

ಕಡ್ಡಿ ಯಾವ ಮರದ್ದು, ಕೇಳಿದೆ.
ಹೇಳುವಂತಿಲ್ಲ ಎಂದ.
ಯಾರೋ ಕೊಟ್ಟ ರಕ್ತವಂತೆ;
ಅದನ್ನು ಹಿಂದಕ್ಕೆ, ಹಿಂದಕ್ಕೆ ನಡೆಸಿ
ಇನ್ನೂ ಏನೂ ಆಗಿರದ ವಯಸ್ಸಿಗೆ ಮುಟ್ಟಿಸಿ
ಅಲ್ಲಿಂದ ನರದ ದಾರಿಗೆ ತಿರುಗಿಸಿ
ಹೊಗೆಯಾಡುವ ಚಳಿಯಲ್ಲಿ ಮುಚ್ಚಿಟ್ಟಿದ್ದಾರೆ.
ಇದೂ ಗೊತ್ತು ನನಗೆ.
ಕಸಿಕಡ್ಡಿಯನ್ನು ನಾವೂ ಚಳಿಯಲ್ಲೇ ಕೊಯ್ದು
ಉಗ್ರಾಣದ ಉತ್ತರಕ್ಕೆ, ಬಿಸಿಲು ಕಾಣದ ಹಿಮದಲ್ಲಿ ಹೂಳುತ್ತೇವೆ.
ಬುಡದ ಗಿಡಕ್ಕೆ ಎಚ್ಚರವಾಗುವ ತನಕ
ಕಡ್ಡಿ ಮಲಗಿರಬೇಕು.
ಅದು ಮೊದಲೇ ಕಣ್ಣುಬಿಟ್ಟರೆ ಕೆಲಸ ಕೆಟ್ಟಿತು.

ಹತ್ತರಲ್ಲಿ ಎಷ್ಟು ಹಿಡಿಯುತ್ತವೆ?
ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.
ನಾವಿನ್ನೂ ಹತ್ತು ಮಾಡಿಲ್ಲ, ಮಿಕಾಮಿ ಅವರೇ.
ಅಲ್ಲಿಗೆ ಸಹಿ ಹಾಕಿದೆ.
ಹತ್ತಕ್ಕೆ ಹತ್ತು ಎನ್ನುವ ಸಸಿ ವ್ಯಾಪಾರಿಗಳನ್ನು
ಬೇಕಾದಷ್ಟು ಕಂಡವಳು ನಾನು.

ಕೆಲವು ಕೋಶ ಮಾತು ಕೇಳದೆ ಗಡ್ಡೆಯಾದೀತು, ಎಂದ.
ಬುಡದಿಂದ ಕಳ್ಳಚಿಗುರು ಎದ್ದರೆ
ನನ್ನ ಹೆಬ್ಬೆರಳು ಸಾಕು ಚಿವುಟಲು.
ಅಲ್ಲಿಗೆ ಯಾರ ಬೆರಳು ಹೋಗುತ್ತದೆ?
ಅದನ್ನು ಕೇಳಲಿಲ್ಲ.

ಮಾರ್ಚಿ ಆರು. ಬೋರಲು ಮಲಗಿಸಿದರು.
ಎಚ್ಚರವಾದಾಗ ಮೊದಲು ಯೋಚಿಸಿದ್ದು:
ಪಟ್ಟಿ ಬಿಗಿಯಾಗಿ ಸುತ್ತಿದ್ದಾರೋ ಇಲ್ಲವೋ.
ದಿನಕ್ಕೆ ಎರಡು ಮಾತ್ರೆ,
ಬಂದವರನ್ನು ಬೊಗಳಿ ಓಡಿಸದಂತೆ
ನನ್ನೊಳಗಿನ ನಾಯಿಗೆ ಮಂಪರು.

ಏಪ್ರಿಲ್. ಸೂಜಿ.
ಚೂಪೋ, ಮೊಂಡೋ?
ಚೂಪು, ಎಂದೆ.
ಅವನ ಮುಖ ಅರಳಿದ್ದು ನೋಡಿ ನಾಚಿಕೆಯಾಯಿತು.
ಇಲ್ಲಪ್ಪ, ನಿನ್ನ ಭುಜ ಅಲುಗಿದ್ದು ಕಂಡಿತು,
ಬರೆದದ್ದು ಹೊಡೆದುಹಾಕು.
ಅಂದಿನಿಂದ ಕಣ್ಣಿನ ಮೇಲೆ ಟವೆಲು.
ಟವೆಲಿನ ಕೆಳಗೆ
ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ.

ಕಸಿ ಕಲಿಯಲು ಬರುವ ಮಕ್ಕಳಿಗೆಲ್ಲ ಒಂದೇ ರೋಗ.
ನಾಲ್ಕನೇ ದಿನ ಹೋಗಿ ಕಟ್ಟು ಬಿಚ್ಚಿ ನೋಡುತ್ತಾರೆ.
ಹಿಡಿದದ್ದೂ ಅವರ ಕೈಯಲ್ಲೇ ಸಾಯುತ್ತದೆ.
ನಾದಿನಿಯ ಮಗಳು ಸವಾಕೊಗೆ
ಇದಕ್ಕೇ ಎರಡು ಸಲ ಬೈದಿದ್ದೇನೆ.

ಈಗ ಏಣಿಯ ಮೇಲೆ ಸವಾಕೊ.
ಜೂನ್ ಮುಗಿಯುತ್ತಿದೆ, ಕಾಯಿ ತೆಳುಮಾಡುವ ಕಾಲ.
ಗೊಂಚಲಿಗೊಂದು ಉಳಿಸಿ ಮಿಕ್ಕಿದ್ದು ಉದುರಿಸಬೇಕು.
ಗಾಲಿಕುರ್ಚಿಯಿಂದ ಕೂಗುತ್ತೇನೆ:
ನಡುವಿನದು ಬಿಡು! ಆ ಡೊಂಕು ತೊಟ್ಟಿನದು ತೆಗೆ!
ಹುಡುಗಿಗೆ ಸಿಟ್ಟು ಬಂದಿದೆ,
ಕಾಯಿ ಬೀಳುವ ಸದ್ದಿನಲ್ಲೇ ತಿಳಿಯುತ್ತದೆ.

ಒಂದು, ಹುಣಸೆಬೀಜಕ್ಕಿಂತ ತುಸು ದೊಡ್ಡದು,
ಎಡತೊಡೆಯ ಮೇಲೆ ಬಿತ್ತು.
ನಾನು ಮೇಲೆ ನೋಡುತ್ತಿದ್ದೆ.
ಕೊಂಬೆಯನ್ನು, ಸವಾಕೊಳ ಹಿಮ್ಮಡಿಯನ್ನು.
ಬಿತ್ತು ಎಂದು ತಿಳಿದು ಕೆಳಗೆ ನೋಡಿದೆನೋ,
ನೋಡಿ ತಿಳಿದೆನೋ.

ಇನ್ನೊಂದು ಹಾಕು, ಕಣ್ಣು ಮುಚ್ಚಿಕೊಳ್ಳುತ್ತೇನೆ,
ಎನ್ನಬಹುದಿತ್ತು.

ಅತ್ತೆ, ಏನಾದರೂ ಹೇಳಿದಿರಾ?
ಇಲ್ಲ, ನಿನ್ನ ಮೂರನೇ ಕಾಲು ನೋಡಿಕೋ,
ಎಂದೆ.